ಜೀಪಿನ ಎಂಜಿನ್ನಿಗೆ ಬೆಳ್ಳಿ ಬಣ್ಣವೇಕೆ?

ಹಳೆಯ ವಾಹನಗಳ ಪ್ರದರ್ಶನಕ್ಕೆ ಹೋದಾಗ ನೀವು ಹೊರಮೈಯ ಹೊಳಪನ್ನಷ್ಟೇ ನೋಡಿ ಹಿಂದಿರುಗಬೇಡಿ. ಬಾನೆಟ್ ಎತ್ತಿ ತೋರಿಸುವಂತೆ ಮಾಲೀಕರನ್ನು ಕೇಳಿ. ಉಡುಪಿಯಲ್ಲಿ ನಾನು ನೋಡಿದ ಎಂಜಿನ್ನುಗಳಲ್ಲಿ ಹಲವು ಅಲ್ಯೂಮಿನಿಯಮ್ ಬಣ್ಣ ಬಳಿದುಕೊಂಡು ಮಿನುಗುತ್ತಿದ್ದವು. ನೋಡಲು ಚೆಂದ, ಆದರೆ ಅದು ಆ ಯಂತ್ರದ ಬಣ್ಣವಲ್ಲ.

ಎರಡನೆಯ ಮಹಾಯುದ್ಧ ಕಾಲದ ಜೀಪನ್ನೇ ನೋಡೋಣ. ಒಂದೇ ವಿನ್ಯಾಸದ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ತಯಾರಿಸಿದವು. ಎಂಜಿನ್ನಿನ ರಚನೆ ಒಂದೇ ಆದರೂ ಫೋರ್ಡಿನದು ಬೂದು ಬಣ್ಣ, ವಿಲ್ಲಿಸಿನದು ಸೇನೆಯ ಮಾಸಲು ಹಸಿರು. ಎಂಜಿನ್ ಸಂಖ್ಯೆ ಫೋರ್ಡಿನಲ್ಲಿ 'ಜಿಪಿಡಬ್ಲ್ಯು' ಎಂದೂ ವಿಲ್ಲಿಸಿನಲ್ಲಿ 'ಎಂಬಿ' ಎಂದೂ ಆರಂಭವಾಗುತ್ತದೆ. ಸಂಖ್ಯೆ ಓದಿದರೆ ಬಣ್ಣ ತಿಳಿಯಿತು ಎನ್ನುವಿರಾ? ಅಷ್ಟು ಸುಲಭವಲ್ಲ. ರಿಪೇರಿಯಾದ ಎಂಜಿನ್ನುಗಳಿಗೆ ಹೊಸ ಬಣ್ಣ ಬಿದ್ದಿರಬಹುದು, ಒಂದು ಜೀಪಿನ ಎಂಜಿನ್ ಮತ್ತೊಂದಕ್ಕೆ ಸೇರಿರಬಹುದು.

ಕಾರ್ಕಳದ ನಮ್ಮ ಬಂಧುವೊಬ್ಬರ ಜೀಪಿನಲ್ಲಿ ಆದದ್ದು ಇದೇ. ಗ್ಯಾರೇಜಿನವರು ಎಂಜಿನ್ನಿನ ಮೇಲೆ ಮರಳು ಚಿಮ್ಮಿಸಿ ಹಳೆಯ ಬಣ್ಣವನ್ನೆಲ್ಲ ಕಿತ್ತು, ಬೆಳ್ಳಿ ಬಣ್ಣ ಹೊಡೆದಿದ್ದರು. ನಾನು ಹೋದಾಗ ಉಳಿದಿದ್ದುದು ಎಂಜಿನ್ ಕೂರುವ ಬ್ರಾಕೆಟ್ಟಿನ ಅಡಿಯಲ್ಲಿ ಅಂಟಿದ್ದ ಒಂದು ಸಣ್ಣ ಚಕ್ಕೆ. ಅದನ್ನು ಮೇಣದಲ್ಲಿ ಹುದುಗಿಸಿ, ಅಂಚನ್ನು ನುಣ್ಣಗೆ ಉಜ್ಜಿ, ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದೆ: ಕೆಳಗೆ ಬೂದು, ಮೇಲೆ ಹಸಿರು. (ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಒಣಗಿದ ಬಣ್ಣವನ್ನು ಉಜ್ಜಿ ಧೂಳೆಬ್ಬಿಸಬೇಡಿ, ನೀರು ಹಾಕಿ ಉಜ್ಜಿ.)

ಪದರ ನೋಡದೆ ಮೇಲ್ಮೈಯನ್ನಷ್ಟೇ ನಂಬಿದರೆ ಮೋಸಹೋಗುವುದು ಸುಲಭ. ಕಾವು ಮತ್ತು ಎಣ್ಣೆಯಿಂದ ಬಣ್ಣದ ಬಂಧಕ ವಸ್ತು ಹಳದಿಯಾಗುತ್ತದೆ. ಹಳದಿ ಪೊರೆಯ ಕೆಳಗಿನ ಬೂದು ಕಣ್ಣಿಗೆ ಹಸಿರಾಗಿ ಕಂಡೀತು. ಇನ್ನೊಂದು ತೊಡಕು ಬೆಳಕಿನದು. ಬೇರೆ ಬೇರೆ ವರ್ಣದ್ರವ್ಯಗಳಿಂದ ಮಾಡಿದ ಎರಡು ಬಣ್ಣಗಳು ಎಲ್‌ಇಡಿ ದೀಪದಡಿ ಒಂದೇ ಆಗಿ ಕಂಡು, ಬಿಸಿಲಿನಲ್ಲಿ ಬೇರೆಯಾಗಿ ಕಾಣಬಹುದು. ಅಲೆಯುದ್ದಗಳಿಗೆ ಅನುಸಾರ ಅವು ಬೆಳಕನ್ನು ಪ್ರತಿಫಲಿಸುವ ಬಗೆ ಒಂದೇ ಅಲ್ಲ. ಮಣಿಪಾಲದ ದಂತವೈದ್ಯರನ್ನು ಕೇಳಿ, ಕೃತಕ ಹಲ್ಲಿನ ಬಣ್ಣ ಹೊಂದಿಸುವಾಗ ಅವರಿಗೂ ಇದೇ ಸಮಸ್ಯೆ. ಆದ್ದರಿಂದ ಮಾದರಿಯನ್ನು ಹಗಲಿನ ಬೆಳಕಿನಲ್ಲಿಯೂ ಹೋಲಿಸಬೇಕು. ಸಾಧ್ಯವಾದರೆ ಸ್ಪೆಕ್ಟ್ರೊಫೋಟೊಮೀಟರಿನಲ್ಲಿ ಅಳೆಯಬೇಕು.

ಬೆಳ್ಳಿ ಬಣ್ಣದ ಪರವಾಗಿ ಗ್ಯಾರೇಜಿನವರು ಕೊಟ್ಟ ಕಾರಣ, "ಶಾಖ ಬೇಗ ಹೋಗುತ್ತದೆ ಸಾರ್." ಭೌತಶಾಸ್ತ್ರ ಹೇಳುವುದು ಇದಕ್ಕೆ ತದ್ವಿರುದ್ಧ! ಎಂಜಿನ್ನಿನ ಉಷ್ಣತೆಯಲ್ಲಿ ಹೊರಡುವುದು ಅವಕೆಂಪು ವಿಕಿರಣ. ಆ ಅಲೆಯುದ್ದಗಳಲ್ಲಿ ಬೂದು, ಹಸಿರು, ಕಪ್ಪು ಎಂಬ ಭೇದ ಹೆಚ್ಚೇನೂ ಇಲ್ಲ. ಸಾಮಾನ್ಯ ಬಣ್ಣಗಳ ಉತ್ಸರ್ಜಕತೆ ಸುಮಾರು 0.9. ಅಲ್ಯೂಮಿನಿಯಮ್ ಬಣ್ಣದ್ದು ಅದಕ್ಕಿಂತ ಬಹಳ ಕಡಿಮೆ. ಹೇಗೂ ಎಂಜಿನ್ನನ್ನು ತಂಪಾಗಿಸುವ ಮುಖ್ಯ ಕೆಲಸ ರೇಡಿಯೇಟರಿನ ನೀರಿನದು, ಫ್ಯಾನಿನ ಗಾಳಿಯದು.

ಹಾಗಾದರೆ ಬಣ್ಣದ ಕೆಲಸವೇನು? ತುಕ್ಕು ತಡೆಯುವುದು, ಗುರುತು ಹೇಳುವುದು. ಕಾಪುವಿನ ದೀಪಸ್ತಂಭವನ್ನು ನೀವು ನೋಡಿರಬಹುದು. 1901ರ ಆ ಸ್ತಂಭದ ಕಪ್ಪು ಬಿಳಿ ಪಟ್ಟೆಗಳು ಹಗಲಿನಲ್ಲಿ ನಾವಿಕರಿಗೆ ಗುರುತು. ಉಪ್ಪುಗಾಳಿಗೆ ಮಾಸಿದ ಪಟ್ಟೆಗಳಿಗೆ ಮತ್ತೆ ಅದೇ ಬಣ್ಣಗಳನ್ನು ಬಳಿಯಬೇಕಲ್ಲದೆ ಅಂದವಾಗಿದೆಯೆಂದು ಬೇರೆ ಬಳಿಯುವಂತಿಲ್ಲ. ಎಂಜಿನ್ನಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು ಯಾರೂ ಕೇಳುವುದಿಲ್ಲ, ಅದೇ ತೊಂದರೆ.

ಬಂಧುವಿನ ಜೀಪಿನ ಸಂಖ್ಯೆ 'ಜಿಪಿಡಬ್ಲ್ಯು' ಎಂದೇ ಆರಂಭವಾಗುತ್ತದೆ. ಕಾರ್ಖಾನೆಯಿಂದ ಹೊರಬಂದಾಗ ಬೂದು, ಆಮೇಲೆ ಎಂದೋ ಹಸಿರು. ನನ್ನ ಮಟ್ಟಿಗೆ ಎರಡರಲ್ಲಿ ಯಾವುದಾದರೂ ಸರಿಯೇ, ಯಾವ ಕಾಲದ ರೂಪವೆಂದು ಬರೆದಿಟ್ಟರೆ. ಅವರಿನ್ನೂ ತೀರ್ಮಾನಿಸಿಲ್ಲ. ಚಕ್ಕೆಯನ್ನು ಬೆಂಕಿಪೊಟ್ಟಣದಲ್ಲಿ ಹಾಕಿ, ಎಲ್ಲಿ ಸಿಕ್ಕಿತೆಂದು ಚೀಟಿ ಬರೆದು ಅವರ ಕೈಗೇ ಕೊಟ್ಟು ಬಂದಿದ್ದೇನೆ.