ಹೆಪ್ಪುಗಟ್ಟಿಸಿ ಒಡೆಯುವ ಕಥೆಗಳು

ಸುಳ್ಯ, ಕಡಬದ ಅಂಗಳಗಳಲ್ಲಿ ಒಣಗುವ ರಬ್ಬರ್ ಹಾಳೆಯೂ ಗಾಜಿನಂತೆ ಚೂರಾಗಬಲ್ಲದು. ಮೈನಸ್ 70 ಡಿಗ್ರಿಯ ಆಸುಪಾಸಿನಲ್ಲಿ ಅದರ ಹಿಗ್ಗುವ ಗುಣವೇ ಇಂಗಿಹೋಗುತ್ತದೆ. ಪುತ್ತೂರಿನ ಹಟ್ಟಿಗಳಿಗೆ ಕೃತಕ ಗರ್ಭಧಾರಣೆಗೆಂದು ಬರುವವರ ಜಾಡಿಯ ದ್ರವ ಸಾರಜನಕವಾದರೋ ಮೈನಸ್ 196 ಡಿಗ್ರಿಯದು.

1991ರ 'ಟರ್ಮಿನೇಟರ್ 2' ಚಿತ್ರದಲ್ಲಿ ಇದೇ ದ್ರವದಲ್ಲಿ ತೊಯ್ದ ಲೋಹಪುರುಷ ಒಂದೇ ಗುಂಡಿಗೆ ಪುಡಿಯಾಗುತ್ತಾನೆ. ಅವನು ಯಂತ್ರ, ಒಪ್ಪೋಣ. ಚೂರುಗಳು ಕರಗಿ ಮತ್ತೆ ಕೂಡುವುದಂತೂ ಸೊಗಸೇ. ಆದರೆ 1993ರ 'ಡೆಮಾಲಿಷನ್ ಮ್ಯಾನ್' ಮನುಷ್ಯನನ್ನೇ ಹಾಗೆ ಒಡೆಯುತ್ತದೆ. ನೀರು ತುಂಬಿದ ದೇಹ ಕ್ಷಣಾರ್ಧದಲ್ಲಿ ಒಳಗಿನವರೆಗೂ ಹೆಪ್ಪುಗಟ್ಟದು. ಅದಿರಲಿ, ನನ್ನನ್ನು ಕಾಡುವುದು ಬೇರೆ. ರಕ್ತವಿಲ್ಲ, ನರಳಾಟವಿಲ್ಲ, ಹೆಣವೂ ಇಲ್ಲ. ಕೊಲೆಯೊಂದನ್ನು ಕಂಡೆವೆಂದು ನಮಗೆ ಅನ್ನಿಸುವುದೇ ಇಲ್ಲ.

ನಿಜದ ಚಳಿ ಇಷ್ಟು ಸದ್ದು ಮಾಡುವುದಿಲ್ಲ. 1986ರ ಜನವರಿ 28ರಂದು ಚಾಲೆಂಜರ್ ನೌಕೆಯ ರಾಕೆಟ್‌ನಲ್ಲಿದ್ದ ರಬ್ಬರ್ ಬಳೆ ಚಳಿಗೆ ಚೂರಾಗಲಿಲ್ಲ, ಪೆಡಸಾಯಿತಷ್ಟೆ. ಏಳು ಮಂದಿ ಮರಳಲಿಲ್ಲ.