ಗಾಥೆಗಳಲ್ಲಿ ನಿಸರ್ಗವೂ ನೀತಿಯೂ

ಪುರಾತನ ಧರ್ಮಗ್ರಂಥಗಳನ್ನು ಇಂದಿನ ವಿಜ್ಞಾನದ ಒರೆಗಲ್ಲಿಗೆ ಹಚ್ಚಿ ನೋಡುವವರಲ್ಲಿ ಎರಡು ಪಂಗಡಗಳುಂಟು. ಆಧುನಿಕರು ಕಂಡುಹಿಡಿದ ತತ್ತ್ವಗಳೆಲ್ಲವೂ ಆ ಗ್ರಂಥಗಳಲ್ಲಿ ಮೊದಲೇ ಅಡಕವಾಗಿದ್ದವೆಂದು ಸಾಧಿಸುವವರು ಒಂದು ಪಂಗಡದವರು. ಪರೀಕ್ಷೆಗೆ ನಿಲ್ಲುವ ಸೂತ್ರವೊಂದೂ ಅವುಗಳಲ್ಲಿ ಇಲ್ಲವಾದುದರಿಂದ ಅವು ಬರಿಯ ಕಲ್ಪನೆಯೆಂದು ತಳ್ಳಿಬಿಡುವವರು ಮತ್ತೊಂದು ಪಂಗಡದವರು. ಪಾರಸಿಕರ ಪ್ರವಾದಿಯಾದ ಜರತುಷ್ಟ್ರನ ಗಾಥೆಗಳಿಗೆ ಈ ಇಬ್ಬರಿಂದಲೂ ಅನ್ಯಾಯವಾಗಿರುತ್ತದೆ. ಗಾಥೆಗಳು ಪ್ರಕೃತಿಶಾಸ್ತ್ರದ ಪಾಠಗಳಲ್ಲ. ಆದರೆ ಪ್ರಕೃತಿಯನ್ನು ಅರಿಯುವುದಕ್ಕೂ ನೀತಿಯಿಂದ ಬಾಳುವುದಕ್ಕೂ ಇರುವ ಸಂಬಂಧವೇನೆಂಬ ಪ್ರಶ್ನೆಯನ್ನು ಅವುಗಳಷ್ಟು ನೇರವಾಗಿ ಎತ್ತಿರುವ ಪ್ರಾಚೀನ ಕೃತಿಗಳು ವಿರಳ.

ಪಾರಸಿಗಳ ಪವಿತ್ರ ಗ್ರಂಥಸಮೂಹಕ್ಕೆ ಅವೆಸ್ತಾ ಎಂದು ಹೆಸರು. ಅದರಲ್ಲಿ ಯಸ್ನವೆಂಬ ಭಾಗಕ್ಕೆ 72 ಅಧ್ಯಾಯಗಳಿದ್ದು, ಅವುಗಳ ನಡುವೆ 17 ಸೂಕ್ತಗಳು 5 ಗುಂಪುಗಳಾಗಿ ಹುದುಗಿಕೊಂಡಿವೆ. ಇವೇ ಗಾಥೆಗಳು. ಇವು ಅವೆಸ್ತಾದ ಉಳಿದ ಬಹುಭಾಗಕ್ಕಿಂತ ಹಳೆಯವೆಂಬುದನ್ನು 19ನೆಯ ಶತಮಾನದಲ್ಲಿ ಭಾಷೆಯ ಆಧಾರದಿಂದ ತೋರಿಸಿಕೊಟ್ಟವನು, ಪುಣೆಯಲ್ಲಿ ಸಂಸ್ಕೃತದ ಅಧ್ಯಾಪಕನಾಗಿದ್ದ ಮಾರ್ಟಿನ್ ಹೌಗ್ ಎಂಬ ಜರ್ಮನ್ ಪಂಡಿತನು. ಗಾಥೆಗಳ ಭಾಷೆ ವೇದಭಾಷೆಗೆ ಒಡಹುಟ್ಟಿದಂತಿದೆ. ಅವುಗಳ ಜೀವಾಳವಾದ 'ಅಶ' ಎಂಬ ಶಬ್ದವು ವೇದದ 'ಋತ'ವೇ ಆಗಿದೆ. ಅದಕ್ಕೆ ಇದಿರಾಗಿ ನಿಂತ 'ದ್ರುಜ್' ಎಂಬುದು ವೇದದ 'ದ್ರುಹ್' ಶಬ್ದದ ನಂಟು. ಕನ್ನಡದ ವಾಚಕರು ದಿನನಿತ್ಯವೂ ಆಡುವ 'ದ್ರೋಹ'ವೆಂಬ ಮಾತಿನಲ್ಲಿ ಆ ಹಳೆಯ ಬೇರು ಇನ್ನೂ ಜೀವಂತವಾಗಿದೆ. ಗಾಥೆಗಳ ದೃಷ್ಟಿಯಲ್ಲಿ ಅಸತ್ಯವೆಂದರೆ ಕೇವಲ ತಪ್ಪು ತಿಳಿವಳಿಕೆಯಲ್ಲ; ಲೋಕದ ಕಟ್ಟಳೆಗೆ ಬಗೆದ ದ್ರೋಹ.

ಈ ಭಾವನೆಯು ಯಸ್ನದ 44ನೆಯ ಸೂಕ್ತದಲ್ಲಿ ಅತ್ಯಂತ ಸ್ಫುಟವಾಗಿ ಕಾಣುತ್ತದೆ. ಅದರ 20 ಪದ್ಯಗಳಲ್ಲಿ 19 ಪದ್ಯಗಳು ಒಂದೇ ಬಗೆಯಾಗಿ, ಅಹುರ ಮಜ್ದನನ್ನು ಕುರಿತು ನಿಜವನ್ನು ನುಡಿಯೆಂದು ಕೇಳುವ ಮಾತಿನಿಂದ ಮೊದಲಾಗುತ್ತವೆ. ಸೂರ್ಯನಿಗೂ ನಕ್ಷತ್ರಗಳಿಗೂ ದಾರಿಯನ್ನು ಗೊತ್ತುಮಾಡಿದವರು ಯಾರು, ಚಂದ್ರನು ಯಾರಿಂದ ಬೆಳೆದು ಕರಗುತ್ತಾನೆ, ಆಕಾಶವು ಬೀಳದಂತೆ ಹಿಡಿದವರು ಯಾರು, ಗಾಳಿಗೂ ಮೋಡಕ್ಕೂ ವೇಗವನ್ನು ಹೂಡಿದವರು ಯಾರು ಎಂದು ಕವಿಯು ಕೇಳುತ್ತಾನೆ. ಅದೇ ಉಸಿರಿನಲ್ಲಿ, ಮಗನ ಹೃದಯದಲ್ಲಿ ತಂದೆಯ ಮೇಲೆ ಗೌರವವನ್ನಿಟ್ಟವರು ಯಾರೆಂದು ಕೇಳುತ್ತಾನೆ. ಸೂಕ್ತವು ಮುಗಿಯುವ ಹೊತ್ತಿಗೆ, ನ್ಯಾಯವಾಗಿ ಸಲ್ಲಬೇಕಾದ ಸಂಭಾವನೆಯನ್ನು ಕೊಡುವೆನೆಂದು ಹೇಳಿ ಕೊಡದವನಿಗೆ ಒದಗುವ ದಂಡನೆ ಯಾವುದೆಂಬ ಪ್ರಶ್ನೆ ಬರುತ್ತದೆ. ನಕ್ಷತ್ರಪಥದಿಂದ ಹೊರಟ ಕಾವ್ಯವು ಸಲ್ಲದ ಸಂಭಾವನೆಯವರೆಗೆ ಇಳಿದುಬಂದುದನ್ನು ಕೆಲವರು ಅಸಂಬದ್ಧವೆಂದು ಎಣಿಸಬಹುದು. ಆದರೆ ಸೂಕ್ತದ ತಿರುಳು ಇರುವುದೇ ಇಲ್ಲಿ. ಸೂರ್ಯನು ತನ್ನ ದಾರಿಯನ್ನು ತಪ್ಪದಿರುವುದೂ ಮನುಷ್ಯನು ತನ್ನ ಮಾತಿಗೆ ತಪ್ಪದಿರುವುದೂ ಒಂದೇ ಅಶದ ಎರಡು ಮುಖಗಳೆಂಬುದೇ ಕವಿಯ ದರ್ಶನ.

ಇದನ್ನು ವಿಜ್ಞಾನವೆಂದು ಕರೆಯುವುದು ಸಲ್ಲದು. ಇಲ್ಲಿ ಅಳತೆಯಿಲ್ಲ, ಪ್ರಯೋಗವಿಲ್ಲ, ಪ್ರಶ್ನೆಗೆ ಉತ್ತರವನ್ನು ಹುಡುಕುವ ಉಪಾಯವಿಲ್ಲ. ಉತ್ತರವು ಭಕ್ತಿಯೊಳಗೇ ಅಡಗಿದೆ. ಆದರೂ ವಿಜ್ಞಾನಕ್ಕೆ ಅವಶ್ಯಕವಾದ ಎರಡು ಗುಣಗಳು ಗಾಥೆಗಳಲ್ಲಿ ನಿಚ್ಚಳವಾಗಿವೆ. ಲೋಕವು ಕಟ್ಟಳೆಗೆ ಒಳಪಟ್ಟದ್ದೆಂಬ ನಂಬಿಕೆ ಮೊದಲನೆಯದು. ಪ್ರತಿಯೊಬ್ಬನೂ ಕಿವಿಯಿಂದ ಕೇಳಿ, ತಿಳಿಯಾದ ಮನಸ್ಸಿನಿಂದ ನೋಡಿ, ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳಬೇಕೆಂದು 30ನೆಯ ಸೂಕ್ತವು ವಿಧಿಸುವ ಸ್ವಾತಂತ್ರ್ಯವು ಎರಡನೆಯದು.

ಮುಂದಿನ ಕಾಲದ ಪರಂಪರೆಯು ಈ ದರ್ಶನವನ್ನು ಆಚಾರವಾಗಿ ವಿಸ್ತರಿಸಿತು. ಸದ್ಬುದ್ಧಿಯೆಂಬ ವೊಹು ಮನಹನಿಗೆ ಗೋವು, ಅಶ ವಹಿಷ್ಟನಿಗೆ ಅಗ್ನಿ, ಆರ್ಮೈತಿಗೆ ಭೂಮಿ, ಹೌರ್ವತಾತಳಿಗೆ ಜಲ, ಅಮೆರೆತಾತಳಿಗೆ ಸಸ್ಯ ಎಂಬಂತೆ ಒಂದೊಂದು ದೈವೀಗುಣಕ್ಕೆ ಒಂದೊಂದು ಸೃಷ್ಟಿಯನ್ನು ಒಪ್ಪಿಸಲಾಯಿತು. ಪಾರಸಿಕರು ನದಿಯಲ್ಲಿ ಉಗುಳುವುದಿಲ್ಲ, ಕೈಯನ್ನೂ ತೊಳೆಯುವುದಿಲ್ಲವೆಂದು ಕ್ರಿ. ಪೂ. 5ನೆಯ ಶತಮಾನದ ಗ್ರೀಕ್ ಇತಿಹಾಸಕಾರನಾದ ಹೆರೊಡೋಟಸನು ಬೆರಗಿನಿಂದ ಬರೆದಿದ್ದಾನೆ. ಧಾನ್ಯವನ್ನು ಬಿತ್ತುವವನು ಅಶವನ್ನೇ ಬಿತ್ತುತ್ತಾನೆಂಬ ಅರ್ಥದ ಮಾತು ವೆಂದಿದಾದ್ ಎಂಬ ಗ್ರಂಥದಲ್ಲಿದೆ.

ಆದರೆ ಸ್ತುತಿಯೊಂದೇ ವಿಮರ್ಶೆಯಾಗದು. ಹಾವು, ಕಪ್ಪೆ, ಇರುವೆ ಮೊದಲಾದುವನ್ನು ದುಷ್ಟಶಕ್ತಿಯ ಸೃಷ್ಟಿಯೆಂದು ಎಣಿಸಿ, ಅವುಗಳ ವಧೆಯನ್ನು ಪುಣ್ಯವೆಂದು ಅದೇ ವೆಂದಿದಾದ್ ವಿಧಿಸುತ್ತದೆ. ಪುರೋಹಿತರು ಇಂತಹ ಜಂತುಗಳನ್ನು ತಮ್ಮ ಕೈಯಾರೆ ಕೊಲ್ಲುತ್ತಿದ್ದರೆಂಬುದನ್ನೂ ಹೆರೊಡೋಟಸನು ಹೇಳಿದ್ದಾನೆ. ಕಪ್ಪೆಯು ಕೀಟಗಳನ್ನು ತಿಂದು ಪೈರಿಗೆ ಉಪಕರಿಸುವುದನ್ನೂ ಇರುವೆಯು ಮಣ್ಣನ್ನು ಸಡಿಲಗೊಳಿಸುವುದನ್ನೂ ಬಲ್ಲ ಇಂದಿನವರು ಈ ವಿಧಿಯನ್ನು ಒಪ್ಪಲಾರರು. ಲೋಕದ ಕಟ್ಟಳೆಯನ್ನು ಪೂಜಿಸುವ ಮತವೇ ಆ ಕಟ್ಟಳೆಯನ್ನು ಪರಿಶೀಲಿಸದೆ ಹೋದಾಗ ಅದಕ್ಕೆ ಕೇಡನ್ನು ಮಾಡಬಹುದೆಂಬುದಕ್ಕೆ ಇದು ನಿದರ್ಶನ.

ಇಂತಹ ಪರಿಶೀಲನೆಯ ಅವಶ್ಯಕತೆಯು ಇತ್ತೀಚಿನ ಕಾಲದಲ್ಲಿ ಭಾರತದ ಪಾರಸಿಗಳಿಗೆ ದುಃಖದ ರೂಪದಲ್ಲಿ ಎದುರಾಯಿತು. ಅಗ್ನಿ, ಜಲ, ಭೂಮಿಗಳು ಮಲಿನವಾಗಬಾರದೆಂದು ಅವರು ಶವವನ್ನು ಸುಡದೆ, ಹೂಳದೆ, ದಖ್ಮವೆಂಬ ಎತ್ತರದ ಕಟ್ಟಡದಲ್ಲಿ ಹದ್ದುಗಳಿಗೂ ಬಿಸಿಲಿಗೂ ಒಪ್ಪಿಸುತ್ತ ಬಂದವರು. 1990ರ ದಶಕದಿಂದ ರಣಹದ್ದುಗಳು ಅತಿ ಶೀಘ್ರವಾಗಿ ಅಳಿಯತೊಡಗಿದವು. ದನಗಳ ನೋವನ್ನು ಕಳೆಯಲು ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸುತ್ತಿತ್ತೆಂಬುದು 2004ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ದನಗಳ ಚಿಕಿತ್ಸೆಗೆ ಅದನ್ನು ಬಳಸುವುದನ್ನು ಭಾರತ ಸರಕಾರವು 2006ರಲ್ಲಿ ನಿಷೇಧಿಸಿತು. ಅಷ್ಟರಲ್ಲಿ ಮುಂಬಯಿಯ ಮಲಬಾರ್ ಹಿಲ್ಲಿನ ದಖ್ಮಗಳ ಮೇಲೆ ಹದ್ದುಗಳು ಇಲ್ಲವಾಗಿ, ಬಿಸಿಲನ್ನು ಒಂದೆಡೆ ಕೂಡಿಸುವ ಯಂತ್ರಗಳನ್ನು ಅಲ್ಲಿ ಇರಿಸಬೇಕಾಗಿ ಬಂದಿತು.

ಈ ಪ್ರಸಂಗದಲ್ಲಿ ದುಷ್ಟನಾರೂ ಇಲ್ಲ. ಗೋವಿನ ನೋವನ್ನು ನೀಗುವುದು ಸತ್ಕರ್ಮವೇ. ಗೋವಿನ ಆತ್ಮವು ತನ್ನ ಸಂಕಟವನ್ನು ಹೇಳಿಕೊಳ್ಳುವ ಸೂಕ್ತವೊಂದು ಗಾಥೆಗಳಲ್ಲಿಯೇ ಇದೆ. ಒಳ್ಳೆಯ ಆಲೋಚನೆ, ಒಳ್ಳೆಯ ನುಡಿ, ಒಳ್ಳೆಯ ನಡೆ ಎಂಬ ಮೂರು ಕಂಬಗಳ ಮೇಲೆ ನಿಂತ ಈ ಧರ್ಮಕ್ಕೆ ಇಲ್ಲಿ ಕಠಿಣವಾದ ಪ್ರಶ್ನೆ ಎದುರಾಗುತ್ತದೆ. ಆಶಯವು ಒಳ್ಳೆಯದಾಗಿದ್ದೂ ಅರಿವು ಸಾಲದಿದ್ದರೆ ನಡೆಯು ಒಳ್ಳೆಯದೆನಿಸಬಹುದೇ? ವೊಹು ಮನಹನನ್ನು ಬರಿಯ ಸದಾಶಯವೆಂದು ತಿಳಿದರೆ ಈ ಪ್ರಶ್ನೆಗೆ ಉತ್ತರವಿಲ್ಲ. ಅದು ಚೆನ್ನಾಗಿ ತಿಳಿಯುವ ಬುದ್ಧಿಯೂ ಆಗಿದ್ದರೆ ವಿಜ್ಞಾನವು ಧರ್ಮಕ್ಕೆ ಹೊರಗಿನದಾಗುವುದಿಲ್ಲ. ಧರ್ಮದ ಕರ್ತವ್ಯಗಳಲ್ಲಿ ಒಂದಾಗುತ್ತದೆ.

ಸೂರತಿನ ಪಾರಸಿಗಳ ವ್ಯಾಜ್ಯವು ಇದಕ್ಕೆ ಇನ್ನೊಂದು ಸಾಕ್ಷಿ. ಕೋವಿಡ್ ಪಿಡುಗಿನಲ್ಲಿ ಮಡಿದವರನ್ನು ಸುಡಬೇಕು ಅಥವಾ ಹೂಳಬೇಕೆಂಬ ನಿಯಮವನ್ನು ಅವರು ಪ್ರಶ್ನಿಸಿದರು. 2021ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯವು ಅವರ ಬೇಡಿಕೆಯನ್ನು ತಳ್ಳಿತು. 2022ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಉಭಯಸಮ್ಮತವಾದ ಮಾರ್ಗವೊಂದು ಒದಗಿತು: ಪಕ್ಷಿಗಳು ಇಳಿಯದಂತೆ ದಖ್ಮದ ಮೇಲೆ ಲೋಹದ ಬಲೆಯನ್ನು ಹಾಸಿ, ಬಿಸಿಲು ಮಾತ್ರ ಶವದ ಮೇಲೆ ಬೀಳುವಂತೆ ಮಾಡಬೇಕೆಂಬುದು. ಶವಕ್ಕೆ ಸೂರ್ಯದರ್ಶನವಾಗಬೇಕೆಂಬ ಹಳೆಯ ವಿಧಿ ಇದರಿಂದ ಉಳಿಯಿತು. ರೋಗವು ಹರಡೀತೆಂಬ ಶಂಕೆಗೂ ಸಮಾಧಾನ ದೊರೆಯಿತು. ಮುಂಬಯಿಯಲ್ಲಿ ಹದ್ದುಗಳಿಲ್ಲದೆ ನಡೆಯಬೇಕಾಗಿ ಬಂದ ಕ್ರಿಯೆಯನ್ನು ಸೂರತಿನಲ್ಲಿ ಹದ್ದುಗಳನ್ನು ದೂರವಿರಿಸಿ ನಡೆಸಲು ಒಪ್ಪಲಾಯಿತು. ಎರಡು ಕಡೆಗಳಲ್ಲಿಯೂ ಆಚಾರದ ಒಂದಂಗವು ಮಾರ್ಪಟ್ಟಿತು. ಅದರ ಉದ್ದೇಶವು ಮಾರ್ಪಡಲಿಲ್ಲ.

ಆದುದರಿಂದ ಗಾಥೆಗಳಲ್ಲಿ ವಿಜ್ಞಾನದ ಸಿದ್ಧಾಂತಗಳನ್ನು ಅರಸುವ ಶ್ರಮವು ವ್ಯರ್ಥ. ಅವುಗಳಿಂದ ಕಲಿಯಬೇಕಾದುದು ಪ್ರಶ್ನಿಸುವ ರೀತಿಯನ್ನು. ನಕ್ಷತ್ರಗಳ ದಾರಿಯನ್ನು ಕೇಳುವ ನಾಲಗೆಯೇ ಸಲ್ಲದೆ ಉಳಿದ ಸಂಭಾವನೆಯನ್ನೂ ಕೇಳಬೇಕು. ಇವೆರಡರಲ್ಲಿ ಒಂದನ್ನು ಮಾತ್ರ ಕೇಳಿ ಸುಮ್ಮನಾಗುವ ಪಾಂಡಿತ್ಯವನ್ನಾಗಲಿ, ಭಕ್ತಿಯನ್ನಾಗಲಿ 44ನೆಯ ಸೂಕ್ತದ ಕವಿಯು ಪೂರ್ಣವೆಂದು ಎಣಿಸಲಿಲ್ಲ.