ಹೊಟ್ಟೆ ಸೀಳಿದ ಧ, ನಾಲ್ಕು ಬಣ್ಣದ ಪುಡಿ

ಈ ವಾರ ಸ್ಕ್ಯಾನರ್ ಗಾಜಿನ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅರ್ಧ ಬರೆದೂ ಆಗಿತ್ತು. ಅಷ್ಟರಲ್ಲಿ ಕೆ.ಆರ್. ಪುರದಿಂದ ನಾದಿನಿಯ ಫೋನು: "ಭಾವ, ಕಲರ್ ಲೇಸರ್ ಆಲ್-ಇನ್-ಒನ್ ತಗೋಬೇಕು. ಶನಿವಾರ ಬಿಡುವಿದ್ರೆ ಜೊತೆಗೆ ಬನ್ನಿ."

ಹಳೆಯ ಕ್ರಯಪತ್ರ, ವಿಭಾಗಪತ್ರಗಳನ್ನು ಇಂಗ್ಲಿಷಿಗೆ ಅನುವಾದಿಸಿಕೊಡುವುದು ಅವಳ ಕಸುಬು. ಮನೆಯ ಮುಂದಿನ ಕೋಣೆಯೇ ಕಚೇರಿ. ಒಂದು ವಾರ ಮುನ್ನೂರು ಪುಟ, ಮುಂದಿನ ಮೂರು ವಾರ ಏನೂ ಇಲ್ಲ. ಸರ್ವೆ ನಕ್ಷೆಯ ಕೆಂಪು ಗೆರೆ, ಮೊಹರಿನ ನೇರಳೆ ಕಾಣಬೇಕಾದ್ದರಿಂದ ಬಣ್ಣ ಬೇಕೇ ಬೇಕು.

ಇಂಕ್ ಟ್ಯಾಂಕ್ ಪಕ್ಷದ ಗೆಳೆಯರು ಇಲ್ಲೇ ಎದ್ದು ನಿಲ್ಲುತ್ತಾರೆಂದು ಗೊತ್ತು. ಬಣ್ಣದ ಪುಟಕ್ಕೆ ಟ್ಯಾಂಕಿನಲ್ಲಿ ಬೀಳುವ ಖರ್ಚು ಟೋನರಿಗಿಂತ ಕಡಿಮೆ ಎಂಬ ಅವರ ಲೆಕ್ಕ ಸರಿ. ದಿನವೂ ಮುದ್ರಿಸುವ ಮನೆಗೆ ಅದೇ ತಕ್ಕದ್ದು. ಆದರೆ ಮೂರು ವಾರ ಸುಮ್ಮನೆ ಕೂತ ಯಂತ್ರದ ನಳಿಕೆಯಲ್ಲಿ ಶಾಯಿ ಒಣಗುತ್ತದೆ. ಅದನ್ನು ತೊಳೆಯಲು ಮತ್ತೆ ಶಾಯಿಯೇ ಖರ್ಚು. ಜೊತೆಗೆ ನಮ್ಮೂರಿನ ಮಳೆ. ಡೈ ಶಾಯಿಯ ಪುಟದ ಮೇಲೆ ಹಲಸೂರಿನಿಂದ ಮೇಯೋ ಹಾಲ್ ಕೋರ್ಟಿಗೆ ಹೋಗುವಷ್ಟರಲ್ಲಿ ಒಂದು ಹನಿ ಬಿದ್ದರೂ ಮೊಹರಿನ ಬಣ್ಣ ಹರಡುತ್ತದೆ. ಲೇಸರ್ ಪುಟದಲ್ಲಿ ಶಾಯಿಯೇ ಇಲ್ಲ. ಕಾಗದಕ್ಕೆ ಕರಗಿ ಅಂಟಿದ ಪ್ಲಾಸ್ಟಿಕ್ ಪುಡಿ ಅದು. ನಾವು ದಿನವೂ ಹೇಳುವ ‘ಜೆರಾಕ್ಸ್’ ಎಂಬ ಮಾತಿನ ಬೇರು ಗ್ರೀಕಿನ ‘ಒಣ’ ಎಂಬ ಪದದಲ್ಲಿದೆ. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ಈ ಒಣ ಬರಹದ ಮೊದಲ ಪ್ರತಿ ತೆಗೆದ. ಅವನು ಪೇಟೆಂಟ್ ಕಾಗದಗಳ ನಕಲಿಗಾಗಿ ಒದ್ದಾಡಿ ಬೇಸತ್ತವನು. ನನ್ನ ನಾದಿನಿಯ ಕಷ್ಟವೇ ಅವನದೂ.

ಹಳೆಯ ಓದುಗರಿಗೆ ಗೊತ್ತಿರುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಯಂತ್ರದ ಬೆಲೆಗಿಂತ ಮೊದಲು ನಾಲ್ಕು ಟೋನರುಗಳ ಬೆಲೆ ಕೇಳಿ. ಪೆಟ್ಟಿಗೆಯೊಳಗೆ ಬರುವ ಮೊದಲ ಕಾರ್ಟ್ರಿಜ್‌ಗಳಲ್ಲಿ ಸಾಮಾನ್ಯವಾಗಿ ಪುಡಿ ಕಡಿಮೆ. ಟೋನರಿಗೆ ಐದು ಸಾವಿರ ರೂಪಾಯಿ, 1,250 ಪುಟ ಎಂದಿಟ್ಟುಕೊಂಡರೆ ಒಂದು ಬಣ್ಣಕ್ಕೇ ಪುಟಕ್ಕೆ ನಾಲ್ಕು ರೂಪಾಯಿ. ಅದೂ ಪುಟದ ನೂರಕ್ಕೆ ಐದು ಭಾಗಕ್ಕೆ ಮಾತ್ರ ಆ ಬಣ್ಣ ತಗುಲಿದರೆ. ವೇಗದ ಸಾಲನ್ನೂ ಓದಿ. ಕಪ್ಪಿಗೆ ನಿಮಿಷಕ್ಕೆ 18, ಬಣ್ಣಕ್ಕೆ 4 ಎಂದಿದ್ದರೆ ಯಂತ್ರ ಬಣ್ಣಗಳನ್ನು ಒಂದಾದ ಮೇಲೊಂದರಂತೆ ನಾಲ್ಕು ಸುತ್ತಿನಲ್ಲಿ ಹಾಕುತ್ತದೆ. ಎರಡೂ ಸಮವಾಗಿದ್ದರೆ ನಾಲ್ಕು ಡ್ರಮ್ಮುಗಳು ಸಾಲಾಗಿ ನಿಂತು ಒಂದೇ ಸುತ್ತಿನಲ್ಲಿ ಮುಗಿಸುತ್ತವೆ. ಮನೆಯ ಸಣ್ಣ ಇನ್ವರ್ಟರಿಗೆ ಲೇಸರ್ ಯಂತ್ರವನ್ನು ಜೋಡಿಸಲೇಬೇಡಿ. ಪುಡಿ ಕರಗಿಸುವ ಫ್ಯೂಸರ್ ಬಿಸಿಯಾಗುವಾಗ ಸಾವಿರ ವ್ಯಾಟಿನ ಆಸುಪಾಸು ಎಳೆಯುತ್ತದೆ.

ದಸ್ತಾವೇಜಿನ ಕಸುಬಿನವರಿಗೆ ಇನ್ನೊಂದು ಮಾತು. ಮನೆಗೆ ಕೊಳ್ಳುವ ಯಂತ್ರಗಳ ಗಾಜು ಹೆಚ್ಚಾಗಿ ಎ4 ಅಳತೆಯದು, ಆದರೆ ಹಳೆಯ ಪತ್ರಗಳಲ್ಲಿ ಬಹಳಷ್ಟು ಲೀಗಲ್ ಅಳತೆಯವು. ಮೇಲಿನ ಫೀಡರು ಲೀಗಲ್ ಹಾಳೆಯನ್ನು ಎಳೆದುಕೊಳ್ಳುತ್ತದೆ, ನಿಜ. ಐವತ್ತು ವರ್ಷದ ಹಿಂದಿನ, ಮಡಿಕೆಯಲ್ಲಿ ಸವೆದ ಪತ್ರವನ್ನು ಮಾತ್ರ ಅದಕ್ಕೆ ಕೊಡಬೇಡಿ. ಗಾಜಿನ ಮೇಲೆ ಎರಡು ಸಲ ಇಟ್ಟು ತೆಗೆಯುವ ತಾಳ್ಮೆ ಇರಲಿ.

ಇನ್ನು ಶನಿವಾರದ ಮಾತು. ನಾದಿನಿ ನೇರಳೆ ಮಾರ್ಗದ ಮೆಟ್ರೋದಲ್ಲಿ ಇಂದಿರಾನಗರಕ್ಕೆ ಬಂದಳು. ಸಿ.ಎಂ.ಎಚ್. ರಸ್ತೆಯ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯವರು ಎಂದಿನಂತೆ ಹಣ್ಣಿನ ಬುಟ್ಟಿಯ ಚಿತ್ರ ಮುದ್ರಿಸಿ ತೋರಿಸಿದರು. ಹಣ್ಣನ್ನು ಎಲ್ಲ ಯಂತ್ರಗಳೂ ಚೆನ್ನಾಗಿಯೇ ಮುದ್ರಿಸುತ್ತವೆ. ನಾನು ಜೇಬಿನಿಂದ ಪೆನ್‌ಡ್ರೈವ್ ತೆಗೆದೆ. ಅದರಲ್ಲಿ ಒಂದೇ ಪುಟದ ಪಿಡಿಎಫ್, 9 ಪಾಯಿಂಟ್ ಅಳತೆಯ ಕನ್ನಡ ಅಕ್ಷರ: ಸಿದ್ದಪ್ಪ, ಸಿದ್ಧಪ್ಪ, ಲಕ್ಷ್ಮಮ್ಮ, ರಾಷ್ಟ್ರ, ಜ್ಞಾನ. ಮೊದಲು ಕಪ್ಪಿನಲ್ಲಿ, ಆಮೇಲೆ ಕುಂಕುಮದ ಕೆಂಪಿನಲ್ಲಿ.

ಶಾಲೆಯಲ್ಲಿ ಮೇಷ್ಟ್ರು "ಹೊಟ್ಟೆ ಸೀಳು" ಎಂದು ಗದರಿಸಿ ಮಹಾಪ್ರಾಣ ಕಲಿಸಿದ್ದು ನೆನಪಿದೆಯಲ್ಲ? ದ-ಕ್ಕೂ ಧ-ಕ್ಕೂ ಇರುವ ವ್ಯತ್ಯಾಸ ಆ ಸೀಳೊಂದೇ. ಒತ್ತಕ್ಷರವಾಗಿ ಕೆಳಗಿಳಿದಾಗ ಅದು ಕಣ್ಣಿಗೆ ಸಿಕ್ಕಿಯೂ ಸಿಗದಷ್ಟು ಸಣ್ಣದಾಗುತ್ತದೆ. 600 ಡಿಪಿಐ ಯಂತ್ರದಲ್ಲಿ 9 ಪಾಯಿಂಟ್ ಎಂದರೆ 75 ಚುಕ್ಕೆಗಳ ಎತ್ತರ. ಅಷ್ಟರಲ್ಲೇ ಮೇಲಿನ ಅಕ್ಷರ, ಕೆಳಗಿನ ಒತ್ತು ಎರಡೂ ಹಿಡಿಸಬೇಕು. ಸೀಳಿಗೆ ಉಳಿಯುವುದು ಎರಡು ಮೂರು ಚುಕ್ಕೆಯ ಜಾಗ. ಫ್ಯೂಸರಿನ ಬಿಸಿಗೆ, ಒತ್ತಡಕ್ಕೆ ಪುಡಿ ಚೂರು ಹರಡಿದರೂ ಸಾಕು, ಸಿದ್ಧಪ್ಪ ಸಿದ್ದಪ್ಪನಾಗುತ್ತಾನೆ. ಕೆಂಪಿನಲ್ಲಿ ಕಷ್ಟ ಇನ್ನೂ ಹೆಚ್ಚು. ಕುಂಕುಮದ ಬಣ್ಣಕ್ಕೆ ಮೆಜೆಂಟಾ, ಹಳದಿ ಎರಡೂ ಒಂದರ ಮೇಲೊಂದು ಕೂರಬೇಕು. ಒಂದು ಕೂದಲೆಳೆ ಪಕ್ಕಕ್ಕೆ ಸರಿದರೆ ಸೀಳು ಮುಚ್ಚಿಹೋಗುತ್ತದೆ.

ಇಂಗ್ಲಿಷಿನ ದುಂಡಗಿನ ‘ಓ’ ನೋಡಿ ಯಂತ್ರ ಮೆಚ್ಚುವವರಿಗೆ ಇದು ಅತಿಯಾಯಿತು ಅನ್ನಿಸಬಹುದು. ಅವಳ ಕಸುಬಿನಲ್ಲಿ ಇದು ಅತಿಯಲ್ಲ. ಒಂದು ಪತ್ರದಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು ಎಂದಾದರೆ ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿಕೊಂಡು ಓಡಾಡಬೇಕಾಗುತ್ತದೆ.

ಮೊದಲ ಯಂತ್ರದ ಪುಟವನ್ನು ಭೂತಗನ್ನಡಿಯಲ್ಲಿ ನೋಡಿದೆವು. ಒತ್ತಿನ ಹೊಟ್ಟೆ ಮುಚ್ಚಿತ್ತು. ಎರಡನೆಯದರಲ್ಲಿ ಕಪ್ಪು ಸ್ವಚ್ಛ, ಕೆಂಪಿನ ಅಂಚಿನಲ್ಲಿ ಹಳದಿ ನೆರಳು. ಮೂರನೆಯದರಲ್ಲಿ ಎರಡೂ ಬಣ್ಣದಲ್ಲಿ ಸೀಳು ಬೆಳ್ಳಗೆ ಕಂಡಿತು. ಅದರ ಬೆಲೆ ಎರಡನೆಯದಕ್ಕಿಂತ ಹೆಚ್ಚೇನೂ ಇರಲಿಲ್ಲ. ಅಂಗಡಿಯವರು ಕನ್ನಡಿ ಇಸಿದುಕೊಂಡು ತಾವೂ ನೋಡಿದರು. ಆ ಪಿಡಿಎಫ್ ತಮಗೂ ಬೇಕೆಂದರು, ಕೊಟ್ಟು ಬಂದೆ.

ಮರಳುವಾಗ ಎಂ.ಜಿ. ರಸ್ತೆಯ ಮೇಯೋ ಹಾಲ್ ಬಳಿ ಇಳಿದೆವು. ಅಲ್ಲಿ ಕಿಟೆಲ್ ಪ್ರತಿಮೆ ಇದೆ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂದದ್ದು 1894ರಲ್ಲಿ. ಸುಮಾರು 70,000 ಪದಗಳು. ಅಷ್ಟನ್ನೂ ಸೀಸದ ಮೊಳೆ ಜೋಡಿಸಿಯೇ ಅಚ್ಚು ಹಾಕಿದರು. ಅಕ್ಷರದ ಕೆಳಗೆ ಒತ್ತು ಕೂರಿಸಿದ್ದು ಕಂಪೋಸಿಟರುಗಳ ಬೆರಳು. ಆ ನಿಘಂಟಿನ ಪುಟ ತೆರೆದಾಗಲೆಲ್ಲ ನಾನು ಅರ್ಥ ಓದುವ ಮೊದಲು ಒತ್ತುಗಳನ್ನು ನೋಡುತ್ತೇನೆ. ಬಿಡಿಬಿಡಿಯಾಗಿ, ಒಂದು ಇನ್ನೊಂದಕ್ಕೆ ಅಂಟದೆ ನಿಂತಿರುತ್ತವೆ. ಅಂದಿನ ಬೆರಳುಗಳು ಉಳಿಸಿಕೊಟ್ಟ ಸೀಳನ್ನು ಇಂದಿನ ಯಂತ್ರ ಮುಚ್ಚಿದರೆ ನಾವು ಒಪ್ಪಬಾರದು.

ಸ್ಕ್ಯಾನರ್ ಗಾಜಿನ ಮಾತು ಮುಂದಿನ ವಾರಕ್ಕಿರಲಿ. ಅಷ್ಟರೊಳಗೆ ಯಂತ್ರ ಕೊಳ್ಳಲು ಹೊರಟವರು ನನ್ನ ಐದು ಪದಗಳನ್ನು ಒಂದು ಪುಟದಲ್ಲಿ ಬರೆದುಕೊಂಡು ಹೋಗಿ. ಟೋನರ್ ಉಳಿತಾಯದ ಆಯ್ಕೆ ತೆಗೆಸಿ, ನೀವು ದಿನವೂ ಬಳಸುವ 75 ಜಿಎಸ್ಎಂ ಕಾಗದದ ಮೇಲೆ ಮುದ್ರಿಸಿ ನೋಡಿ. ಸಿದ್ಧಪ್ಪನ ಹೊಟ್ಟೆಯ ಸೀಳು ಕಂಡರೆ ದುಡ್ಡು ಕೊಡಿ. ಕಾಣದಿದ್ದರೆ ಪಕ್ಕದ ಯಂತ್ರ ಕೇಳಿ.